ಹಗ್ಗ ಮುಟ್ಟಿದವರಿಗೆಲ್ಲ ಮೀನು

ಕಾಪುವಿನಿಂದ ಮಲ್ಪೆಯವರೆಗಿನ ಕಡಲ ದಂಡೆಯಲ್ಲಿ 1970ರ ದಶಕದ ಆರಂಭದವರೆಗೂ ಮೀನು ಬಂದಿಳಿಯುತ್ತಿದ್ದದ್ದು ಮನೆಯೆದುರಿನ ಮರಳಿಗೆ. ಬಂದರು, ಐಸು, ಲಾರಿ ಇವೆಲ್ಲ ಇದ್ದವು, ಆದರೆ ನಮ್ಮೂರಿನ ಒಲೆಗೂ ಅವಕ್ಕೂ ಅಷ್ಟು ಸಂಬಂಧವಿರಲಿಲ್ಲ. ಊರಿನ ಮೀನೆಂದರೆ ರಂಪಣಿಯ ಮೀನು. ಆಗ ಹುಡುಗನಾಗಿ ಹಗ್ಗ ಎಳೆದವರಲ್ಲಿ ನಾನೂ ಒಬ್ಬ. ಆ ಬಲೆ ದಡ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡವನಾದ್ದರಿಂದ ಇದನ್ನು ಬರೆದಿಡಬೇಕೆನಿಸಿತು.

ರಂಪಣಿ ಗೋವೆಯ ಕಡೆಯಿಂದ ನಮ್ಮ ಕರಾವಳಿಗೆ ಇಳಿದು ಬಂದ ಬಲೆ. ಉದ್ದ ಅರ್ಧ ಕಿಲೋಮೀಟರಿಗೂ ಮಿಕ್ಕಿ, ದೊಡ್ಡದಾದರೆ ಒಂದು ಕಿಲೋಮೀಟರನ್ನೂ ದಾಟುತ್ತಿತ್ತು. ಎಳೆಯಲು 60ರಿಂದ 80 ಜನ ಬೇಕು. ಇಷ್ಟು ದೊಡ್ಡ ಬಲೆಯನ್ನು ಒಂದು ಮನೆಯವರು ಇಟ್ಟುಕೊಳ್ಳುವುದು ಕಷ್ಟ, ಹಾಗಾಗಿ ಹಲವು ಮನೆಯವರು ಸೇರಿ ಒಂದು ಫಂಡು ಕಟ್ಟುತ್ತಿದ್ದರು. ನನ್ನ ಸೋದರಮಾವ ಅಂಥ ಒಂದು ಫಂಡಿನಲ್ಲಿದ್ದರು. ನಮ್ಮದು ಅಳಿಯಕಟ್ಟಿನ ಮನೆ. ಮಾವನ ಪಾಲೇ ನಮ್ಮ ಊಟ.

ಮಳೆ ಹಿಂದಾದ ಮೇಲೆ ಬಂಗುಡೆ ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತದೆ. ಬೆಳಗ್ಗೆಯಿಂದಲೇ ಅನುಭವಸ್ಥರೊಬ್ಬರು ದಂಡೆಯ ಎತ್ತರದ ಜಾಗದಲ್ಲಿ ನಿಂತು ನೀರು ನೋಡುತ್ತಿದ್ದರು. ಹಿಂಡು ಇದ್ದ ಕಡೆ ನೀರಿನ ಬಣ್ಣ ಕಂದುತ್ತದೆ, ಮೇಲೆ ಸಣ್ಣಗೆ ಕುದಿದಂತೆ ಕಾಣುತ್ತದೆ, ಹಕ್ಕಿಗಳು ಎರಗುತ್ತವೆ. ಅವರು ಹೆಗಲ ಮೇಲಿನ ಬೈರಾಸು ಬೀಸಿದರೋ, ಊರೇ ಓಡುತ್ತಿತ್ತು. ಹಗ್ಗದ ಒಂದು ತುದಿ ದಡದಲ್ಲಿ. ರಂಪಣಿ ದೋಣಿ ಬಲೆ ಇಳಿಸುತ್ತ ಹಿಂಡಿನ ಆಚೆ ಅರ್ಧಚಂದ್ರದ ಹಾಗೆ ಬಳಸಿ, ಇನ್ನೊಂದು ತುದಿಯನ್ನು ದೂರದ ದಡಕ್ಕೆ ತಂದು ಮುಟ್ಟಿಸುತ್ತಿತ್ತು. ಅಲ್ಲಿಂದ ಎರಡು ಸಾಲು. ಹಗ್ಗವನ್ನು ಸೊಂಟಕ್ಕೆ ಕೊಟ್ಟು, ಹಿಮ್ಮಡಿಯನ್ನು ಮರಳಿಗೆ ಊರಿ, ಒಬ್ಬ ಕೂಗು ಎತ್ತಿಕೊಟ್ಟರೆ ಉಳಿದವರು ಮುಗಿಸುತ್ತ, ಹಿಂದಕ್ಕೆ ಹಿಂದಕ್ಕೆ ನಡೆಯುವುದು. ಸಾಲಿನ ಕೊನೆ ತಲುಪಿದವನು ಹಗ್ಗ ಬಿಟ್ಟು ಓಡಿಬಂದು ಮತ್ತೆ ನೀರಿನ ಬದಿಯಲ್ಲಿ ಹಿಡಿಯಬೇಕು. ಎರಡು ಸಾಲೂ ಹತ್ತಿರ ಹತ್ತಿರ ಬಂದು, ಬಲೆಯ ಮಡಿಲು ಮೊಣಕಾಲು ನೀರಿಗೆ ಬಂದಾಗ ಬಂಗುಡೆಗಳು ಒಟ್ಟಿಗೆ ಚಿಮ್ಮುವ ಸದ್ದು ತೆಂಗಿನ ತೋಟದಾಚೆಗೂ ಕೇಳುತ್ತಿತ್ತು.

ಪಾಲು ಹಾಕುವುದು ಅಲ್ಲೇ, ಎಲ್ಲರ ಕಣ್ಣೆದುರು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ದೇವರಿಗೆ ಇಷ್ಟು, ಫಂಡಿನವರಿಗೆ ತಲಾ ಇಷ್ಟು. ಅದಲ್ಲದೆ ಹಗ್ಗ ಮುಟ್ಟಿದ ಯಾರೇ ಆದರೂ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಶಾಲೆಯಿಂದ ಓಡಿಬಂದ ಮಕ್ಕಳಿಗೆ, ದಾರಿಯಲ್ಲಿ ಹೋಗುತ್ತಿದ್ದ, ಕಳ್ಳು ಇಳಿಸುವ ಮೂರ್ತೆಯವನಿಗೆ, ಗಂಡ ಸತ್ತ ಹೆಂಗಸಿನ ಬುಟ್ಟಿಗೆ, ಎಲ್ಲರಿಗೂ ಪದಾರ್ಥಕ್ಕಾಗುವಷ್ಟು ಮೀನು. ಅದನ್ನು ದಾನವೆಂದು ಯಾರೂ ಕರೆಯುತ್ತಿರಲಿಲ್ಲ. ಅದು ಹಕ್ಕು.

ವಿಪರೀತ ಮೀನು ಬಿದ್ದರೆ ಎಲ್ಲವನ್ನೂ ಒಮ್ಮೆಗೇ ದಡಕ್ಕೆ ಸುರಿಯುತ್ತಿರಲಿಲ್ಲ. ಹೊರಗಿನಿಂದ ಇನ್ನೊಂದು ಬಲೆ ಕಟ್ಟಿ, ಮೀನನ್ನು ನೀರಿನಲ್ಲೇ ಉಳಿಸಿ, ಮಾರಾಟಕ್ಕೂ ಉಪ್ಪಿಗೂ ಆಗುವಷ್ಟನ್ನೇ ತೆಗೆದು, ಉಳಿದದ್ದನ್ನು ಮರುದಿನಕ್ಕೆ ಇಡುವ ಕ್ರಮವಿತ್ತು. ಹೀಗೆ ಮಾಡಿಯೂ ಭೂತಾಯಿ ಮೀನು ಹೆಚ್ಚಾದ ವರ್ಷ ಅದು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋದದ್ದನ್ನೂ ನೋಡಿದ್ದೇನೆ. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆದರೆ ಆ ಗೊಬ್ಬರವೂ ಅದೇ ಊರಿನ ತೋಟಕ್ಕೆ ಹೋಗುತ್ತಿತ್ತು.

ದಡದಿಂದ ಮುಂದಿನ ಕೆಲಸ ಹೆಂಗಸರದು. ನನ್ನ ದೊಡ್ಡಮ್ಮ ಬುಟ್ಟಿ ಹೊತ್ತು ಒಳನಾಡಿನ ಶಿರ್ವದ ಕಡೆಗೆ ನಡೆಯುತ್ತಿದ್ದರು. ಅವರಿಗೆ ಗೊತ್ತಿದ್ದ ಮನೆಗಳು ಇದ್ದವು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ನಂಜಿನ ಮೀನು ಆಗದು, ಯಾರು ಕೊಯ್ಲಿನ ಮೇಲೆ ಭತ್ತ ಅಳೆಯುತ್ತಾರೆ, ಎಲ್ಲ ಬಾಯಿಪಾಠ. ಮೀನಿಗೆ ಪ್ರತಿಯಾಗಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ. ಮಳೆಗಾಲಕ್ಕೆಂದು ಒಣಗಿಸಿಟ್ಟ ಮೀನು ಸಾಲವಾಗಿ ಹೋಗುತ್ತಿತ್ತು, ಸಾಲ ಗದ್ದೆಯ ಕೊಯ್ಲಿಗೆ ತೀರುತ್ತಿತ್ತು. ಕಡಲೂ ಗದ್ದೆಯೂ ಒಂದನ್ನೊಂದು ಸಾಕುತ್ತಿದ್ದ ವ್ಯವಸ್ಥೆ ಅದು. ಈಗ ‘ಸ್ಥಳೀಯ ಆಹಾರ’ ಎಂದು ವಿಚಾರಸಂಕಿರಣಗಳಲ್ಲಿ ಕೇಳುವಾಗೆಲ್ಲ ನನಗೆ ದೊಡ್ಡಮ್ಮನ ಬುಟ್ಟಿಯೇ ನೆನಪಿಗೆ ಬರುತ್ತದೆ.

ಮಳೆಗಾಲದಲ್ಲಿ ದೋಣಿಗಳು ಮಡಲಿನ ಚಪ್ಪರದಡಿ. ನೂಲಹುಣ್ಣಿಮೆಯ ದಿನ ಸಮುದ್ರಪೂಜೆಯಾಗದೆ ಯಾರೂ ಬಲೆ ಇಳಿಸುವಂತಿರಲಿಲ್ಲ. ದೇವಸ್ಥಾನದಿಂದ ವಾದ್ಯದೊಡನೆ ಮೆರವಣಿಗೆ ಹೊರಟು, ಊರಿನ ಮುಖಂಡರಾದ ಗುರಿಕಾರರು ಮುಂದೆ ನಿಂತು, ಹಾಲು, ಹೂವು, ತೆಂಗಿನಕಾಯಿಯನ್ನು ಕಡಲಿಗೆ ಅರ್ಪಿಸುತ್ತಿದ್ದರು. ನಮಗೆ ಮಕ್ಕಳಿಗೆ ಅದೊಂದು ಹಬ್ಬ, ಅಷ್ಟೆ. ಹಿರಿಯರಿಗೆ ಅದರ ಜತೆಗೆ ಇನ್ನೊಂದು ಕೆಲಸವಿತ್ತು. ಪೂಜೆ ಮುಗಿದ ಮೇಲೆ ಅದೇ ಜಾಗದಲ್ಲಿ ಕೂತು, ಯಾವ ಫಂಡು ಯಾವ ಜಾಗದಲ್ಲಿ ಬಲೆ ಹಾಕಬೇಕು, ಸರದಿ ಹೇಗೆ, ಹಿಂದಿನ ವರ್ಷ ಸರದಿ ಮುರಿದವರಿಗೆ ದಂಡವೆಷ್ಟು ಎಂಬುದನ್ನು ತೀರ್ಮಾನಿಸುತ್ತಿದ್ದರು. ದೇವರ ಮುಂದೆ ಆದ ಮಾತನ್ನು ಮೀರಲು ಧೈರ್ಯ ಬೇಕಿತ್ತು. ಬಂಗುಡೆ, ಭೂತಾಯಿ ಮೊಟ್ಟೆಯಿಡುವುದು ಮುಖ್ಯವಾಗಿ ಮಳೆಯ ತಿಂಗಳುಗಳಲ್ಲೇ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಡಲಿನ ರೌದ್ರಕ್ಕೆ ಹೆದರಿ ನಿಲ್ಲಿಸುತ್ತಿದ್ದರೋ, ಮೀನಿನ ಬಸಿರನ್ನು ಅರಿತು ನಿಲ್ಲಿಸುತ್ತಿದ್ದರೋ, ಫಲ ಮಾತ್ರ ಒಂದೇ ಆಗಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ರಂಪಣಿಗೂ ಪರ್ಸೀನಿಗೂ ವ್ಯತ್ಯಾಸ ಬಲೆಯ ಗಾತ್ರದಲ್ಲಿಲ್ಲ. ರಂಪಣಿ ಮೀನು ಬರುವವರೆಗೆ ಕಾಯುತ್ತದೆ. ಪರ್ಸೀನ್ ಮೀನಿದ್ದಲ್ಲಿಗೇ ಹೋಗಿ, ಹಿಂಡನ್ನು ಸುತ್ತುಗಟ್ಟಿ, ಬಲೆಯ ಅಡಿಯನ್ನು ಹಗ್ಗದಿಂದ ಬಿಗಿದು ಮುಚ್ಚುತ್ತದೆ. ದಡಕ್ಕೆ ಬರಬೇಕಿದ್ದ ಹಿಂಡು ದಡ ಕಾಣುವ ಮೊದಲೇ ಮುಗಿಯಿತು. ಕೆಲವೇ ವರ್ಷಗಳಲ್ಲಿ ನಮ್ಮ ದಂಡೆಯ ಬೈರಾಸು ಬೀಸುವವರು ಸುಮ್ಮನೆ ನಿಂತು ಸುಮ್ಮನೆ ಮನೆಗೆ ಹೋಗುವಂತಾಯಿತು. ಜಗಳಗಳಾದವು, ಪ್ರತಿಭಟನೆಗಳಾದವು. ಆಮೇಲೆ ರಂಪಣಿ ಫಂಡಿನವರೇ ಕೆಲವರು ಬಲೆ ಮಾರಿ, ಸಾಲ ಎತ್ತಿ, ಪರ್ಸೀನ್ ಬೋಟು ಕೊಂಡರು. ಮಾವನ ಫಂಡೂ ಅದನ್ನೇ ಮಾಡಿತು. ಅವರನ್ನು ದೂರಲು ನನ್ನಿಂದಾಗದು. ಆ ದುಡ್ಡಿನಲ್ಲಿ ಹುಲ್ಲಿನ ಮಾಡು ಹೋಗಿ ಹಂಚು ಬಂತು, ನಮ್ಮ ಕೇರಿಯ ಹುಡುಗರು ಕಾಲೇಜು ಮೆಟ್ಟಿಲು ಹತ್ತಿದರು.

ಕಳೆದುಕೊಂಡವರು ಯಾರೆಂದರೆ ಹೆಂಗಸರು. ದೊಡ್ಡಮ್ಮ ಬೆಳಗಿನ ಜಾವ ಎದ್ದು ಮಲ್ಪೆ ಬಂದರಿಗೆ ಹೋಗಿ ಏಲಂನಲ್ಲಿ ಮೀನು ಹಿಡಿಯಬೇಕಾಯಿತು. ಎದುರಿಗೆ ಐಸಿನ ಲಾರಿಯ ವ್ಯಾಪಾರಿಗಳು. “ಅವ್ರು ಲಾರಿ ಲೆಕ್ಕದಲ್ಲಿ ಕೂಗ್ತಾರೆ ಮಗಾ, ನಾನು ಬುಟ್ಟಿ ಲೆಕ್ಕದಲ್ಲಿ ಎಂತ ಕೂಗುದು?” ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೀನು ಇನ್ನೂ ಹೆಚ್ಚು ಸಿಗುತ್ತಿತ್ತು, ಆದರೆ ಊರಿಗೆ ಸಿಗುತ್ತಿರಲಿಲ್ಲ.

ನಿಯಮಗಳೂ ದಡ ಬಿಟ್ಟು ಕಚೇರಿಗೆ ಹೋದವು. 1986ರಲ್ಲಿ ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಮಳೆಗಾಲದ ನಿಷೇಧದ ದಿನಾಂಕಗಳು ಆಗಾಗ ಬದಲಾಗಿ, 2015ರಿಂದ ಇಡೀ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಎಂದಾಯಿತು. ಇದು ಬೇಕಾದ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂಲಹುಣ್ಣಿಮೆ ಪಂಚಾಂಗದ ಪ್ರಕಾರ ಬರುತ್ತದೆ, 2023ರಲ್ಲಿ ಬಂದದ್ದು ಆಗಸ್ಟ್ ಕೊನೆಗೆ, ನಿಷೇಧ ಮುಗಿದು ಒಂದು ತಿಂಗಳಾದ ಮೇಲೆ. ಋತು ತೆರೆಯುವ ಅಧಿಕಾರ ಪೂಜೆಯ ಕೈಯಿಂದ ತಪ್ಪಿದೆ. ಇಂದಿಗೂ ಮಲ್ಪೆಯ ವಡಭಾಂಡೇಶ್ವರದಲ್ಲಿ ಪೂಜೆ ಸಲ್ಲಿಸಿ ಮೀನುಗಾರರು ದಂಡೆಗೆ ಮೆರವಣಿಗೆ ಬರುತ್ತಾರೆ, ಭಕ್ತಿಗೇನೂ ಕೊರತೆಯಿಲ್ಲ. ಗಣ್ಯರು ಬರುತ್ತಾರೆ, ಕ್ಯಾಮೆರಾಗಳು ಬರುತ್ತವೆ. ಸರದಿ, ದಂಡ, ಬಲೆಯ ಕಣ್ಣಿನ ಅಳತೆ ಇವುಗಳ ಮಾತು ಮಾತ್ರ ಆ ದಿನ ನನ್ನ ಕಿವಿಗೆ ಬಿದ್ದಿಲ್ಲ.

ಮಾತಾಡಬೇಕಾದ ಸಂಗತಿಗಳಿಗೇನೂ ಬರವಿಲ್ಲ. ರಾತ್ರಿ ಪ್ರಖರ ಬೆಳಕು ಚೆಲ್ಲಿ ಮರಿಯಿಂದ ಹಿಡಿದು ಎಲ್ಲವನ್ನೂ ಸೆಳೆದು ಹಿಡಿಯುವ ಬೆಳಕಿನ ಮೀನುಗಾರಿಕೆಯನ್ನೂ, ಎರಡು ಬೋಟುಗಳ ನಡುವೆ ಬಲೆ ಕಟ್ಟಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿತು. ನಿಷೇಧವಿದ್ದರೂ ಅವು ನಿಂತಿಲ್ಲವೆಂದು ನಾಡದೋಣಿಯವರು ಇನ್ನೂ ಮನವಿ ಕೊಡುತ್ತಲೇ ಇದ್ದಾರೆ. ಬಲೆಗೆ ಬಿದ್ದ ಮರಿಮೀನು ಮೀನುಹುಡಿ ಕಾರ್ಖಾನೆಗಳಿಗೆ ಹೋಗುತ್ತದೆ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಕೋಳಿಗೆ, ಸಾಕಿದ ಸಿಗಡಿಗೆ ಮೇವು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕ ಭೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದೂ ಕಾರಣ, ಬೆಳೆಯುವ ಮೊದಲೇ ಹಿಡಿದದ್ದೂ ಕಾರಣ. ಆ ವರ್ಷಗಳಲ್ಲಿ ನಮ್ಮಲ್ಲೂ ಬಡವರ ಮೀನು ಬಡವರ ಕೈಗೆ ಎಟುಕದಷ್ಟು ದುಬಾರಿಯಾಗಿತ್ತು. ಮತ್ತೆ ಅದು ಹಿಂಡಾಗಿ ಬಂದಾಗ ಜನ ಸಂಭ್ರಮಿಸಿದ್ದು ಸಹಜ, ಆದರೆ ಬಂದ ಮೀನಿನ ಗಾತ್ರವನ್ನೂ ನೋಡಬೇಕಿತ್ತು.

ಕಾಯ್ದು ಹಿಡಿಯುವ ಕ್ರಮ ಇನ್ನೂ ಉಳಿದಿರುವ ಖಂಡೇವಿನ ಮಾತನ್ನು ಇಲ್ಲಿ ಹೇಳಲೇಬೇಕು. ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’ ಎಂಬ ತುಳು ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಜಾತ್ರೆಗಳ ಋತು ಎರ್ಮಾಳಿನಲ್ಲಿ ಶುರುವಾಗಿ, ಸುರತ್ಕಲ್ ಹತ್ತಿರದ ಚೇಳಾಯರಿನ ಖಂಡೇವಿನಲ್ಲಿ ಮುಗಿಯುತ್ತದೆ. ಮೇ ತಿಂಗಳ ನಡುವೆ, ಸಂಕ್ರಮಣದ ದಿನ, ಅಲ್ಲಿನ ನಂದಿನಿ ಹೊಳೆಯಲ್ಲಿ ಊರೆಲ್ಲ ಸೇರಿ ಮೀನು ಹಿಡಿಯುವ ಹಬ್ಬ. ಆ ದಿನದವರೆಗೆ ಆ ನೀರಿನಲ್ಲಿ ಬಲೆ ಹಾಕುವಂತಿಲ್ಲ. ದೈವಸ್ಥಾನದ ಪ್ರಸಾದ ಹೊಳೆಗೆ ಬಿದ್ದದ್ದೇ ತಡ, ಎರಡೂ ದಡದಿಂದ ಜನ ಧುಮುಕುತ್ತಾರೆ. ಬಲೆ, ಬುಟ್ಟಿ, ಬರಿಗೈ, ಯಾವುದರಲ್ಲಾದರೂ ಸರಿ. ಜಾತಿ ಮತ ಯಾರೂ ಕೇಳುವುದಿಲ್ಲ. ಕೆಸರು ಮೆತ್ತಿದ ಕೈಯಲ್ಲಿ ಮಾಲಾಯಿ, ಕಯ್ಯ ಮೀನು ಹಿಡಿದುಕೊಂಡು ಮೇಲೆ ಬಂದವರ ಮುಖದಲ್ಲಿ ನಾನು ಕಂಡ ಸಂತೋಷ ನಮ್ಮ ರಂಪಣಿಯ ದಡದ್ದೇ. ಸುತ್ತಲಿನ ಮನೆಗಳಲ್ಲಿ ಅಂದು ನೆಂಟರಿಗೆಲ್ಲ ಅದೇ ಮೀನಿನ ಪದಾರ್ಥ. ವರ್ಷಪೂರ್ತಿ ಮುಟ್ಟದೆ ಕಾಯ್ದು, ಒಂದು ದಿನ ಎಲ್ಲರೂ ಸೇರಿ ಉಣ್ಣುವುದು. ಮೀನುಗಾರಿಕೆಯ ಇಡೀ ಶಾಸ್ತ್ರ ಅಷ್ಟರಲ್ಲಿದೆ ಎಂದೇ ನನ್ನ ನಂಬಿಕೆ. ಆ ಹೊಳೆಗೂ ಈಗ ಕೊಳಚೆ ನೀರು ಸೇರುತ್ತಿದೆ ಎಂಬ ದೂರುಗಳಿವೆ. ಮೀನನ್ನು ಕಾಯುವ ಕಟ್ಟಳೆ ನೀರನ್ನು ಕಾಯಲಾರದೆ ಹೋದರೆ ಹಬ್ಬ ಬರೀ ತೋರಿಕೆಯಾಗುತ್ತದೆ.

ರಂಪಣಿ ಪೂರ್ತಿ ಸತ್ತಿಲ್ಲ. ಮಳೆ ಇಳಿದ ದಿನಗಳಲ್ಲಿ ಮಲ್ಪೆ ಹತ್ತಿರದ ಪಡುಕೆರೆಯ ಕಡೆ ಕೈರಂಪಣಿ ಎಳೆಯುವವರು ಇನ್ನೂ ಇದ್ದಾರೆ. ಬಲೆ ಚಿಕ್ಕದು, ಜನ ಕಡಿಮೆ, ಎಳೆಯುವವರಲ್ಲಿ ಬಹಳ ಮಂದಿಗೆ ತಲೆ ನರೆತಿದೆ. ಪ್ರವಾಸಿಗರೂ ಬಂದು ಹಗ್ಗಕ್ಕೆ ಕೈ ಹಚ್ಚುತ್ತಾರೆ, ಅದು ನನಗೆ ಇಷ್ಟವಾಗುತ್ತದೆ. ಮೀನು ಎಲ್ಲಿಂದ ಬರುತ್ತದೆಂದು ಮಕ್ಕಳಿಗೆ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಪಟ್ಟಣಗಳಲ್ಲಿ ನಡೆಯುವ ಮತ್ಸ್ಯಮೇಳಗಳ ಬಗ್ಗೆ ಇದೇ ಮಾತು ಹೇಳಲಾರೆ. ನಾನು ನೋಡಿದ ಮೇಳಗಳಲ್ಲಿ ಅಂಜಲ್ ಫ್ರೈ, ಸಿಗಡಿ ಘೀರೋಸ್ಟಿಗೆ ಸಾಲು. ಭೂತಾಯಿ, ಬೊಳೆಂಜಿರ್ ಹುಡುಕಬೇಕು. ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಅಲ್ಲಿ ಒಂದು ಮಳಿಗೆಯಾದರೂ ಸಿಗಬೇಕು.

ಮುಂದಿನ ನೂಲಹುಣ್ಣಿಮೆಗೆ ನಮ್ಮ ಮೀನುಗಾರರ ಕೂಡುಕಟ್ಟುಗಳ ಹಿರಿಯರಲ್ಲಿ ಒಂದು ಕೋರಿಕೆ. ತೆಂಗಿನಕಾಯಿ ಕಡಲಿಗೆ ಬೀಳುವ ಮೊದಲು, ಆ ವರ್ಷ ಮರಿಮೀನು ಹಿಡಿಯುವುದಿಲ್ಲ, ಬೆಳಕು ಹಾಕುವುದಿಲ್ಲ ಎಂಬ ತೀರ್ಮಾನವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ, ಮೀರಿದವರಿಗೆ ಊರಿನ ದಂಡ ಗೊತ್ತುಮಾಡಿ. ಕೊಳ್ಳುವವರಲ್ಲೂ ಒಂದು ಮಾತು: ಬೆರಳುದ್ದದ ಬಂಗುಡೆ, ಭೂತಾಯಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡವೆನ್ನಿ. ಜೂನ್, ಜುಲೈನಲ್ಲಿ ಒಣಮೀನು, ಹೊಳೆಮೀನಿನಲ್ಲಿ ಸುಧಾರಿಸಿಕೊಳ್ಳಿ. ಮನೆಬಾಗಿಲಿಗೆ ಬುಟ್ಟಿ ಬಂದರೆ ಚೌಕಾಶಿ ಮಾಡದೆ ಅಲ್ಲೇ ಕೊಳ್ಳಿ.