ಕೊಡಚಾದ್ರಿಯ ಜೀಪುದಾರಿ

ಮಕ್ಕಳ ಪರೀಕ್ಷೆಗಳು ಮುಗಿದು ಬೆಂಗಳೂರಿನ ಬಿಸಿಲು ಏರತೊಡಗಿದೊಡನೆ ಮಲೆನಾಡಿನ ನೆಂಟರು ನೆನಪಾಗದ ಸಂಸಾರಗಳು ವಿರಳ. ಹೊಸನಗರ ತಾಲ್ಲೂಕಿನ ನಿಟ್ಟೂರಿನ ಸುತ್ತಮುತ್ತಲ ತೋಟದ ಮನೆಗಳಲ್ಲಿ ಮೇ ತಿಂಗಳೆಂದರೆ ಜಗಲಿಯ ತುಂಬ ಜನ. ಮುರುಗಲು ಹಣ್ಣಿನ ಪಾನಕ, ಹಲಸಿನ ಹಪ್ಪಳ, ಮಧ್ಯಾಹ್ನದ ನಿದ್ದೆ—ಇವುಗಳಲ್ಲಿ ನಾಲ್ಕು ದಿನಗಳು ಸುಖವಾಗಿ ಕಳೆಯುತ್ತವೆ. ಐದನೆಯ ದಿನ ಹುಡುಗರ ತಕರಾರು ಆರಂಭವಾಗುತ್ತದೆ. ನಗರದ ಕೋಟೆಯನ್ನೂ, ಕೆಳದಿಯ ಅರಸರ ಕಾಲದ ದೇವಗಂಗೆಯ ಕೊಳಗಳನ್ನೂ ತೋರಿಸಿ ಬಂದರೂ ಅದು ಶಮನವಾಗುವುದಿಲ್ಲ. ಅವೆಲ್ಲ ಕಾರಿಗೂ ದಕ್ಕುವ ಸ್ಥಳಗಳು. ಕಡೆಗೆ ಮನೆಯ ಯಜಮಾನರು ತೋಟದಾಚೆ ನೀಲಿಯಾಗಿ ನಿಂತಿರುವ ಬೆಟ್ಟವನ್ನು ತೋರಿಸಿ, "ನಾಳೆಗೆ ಜೀಪು ಹೇಳುತ್ತೇನೆ" ಎನ್ನುತ್ತಾರೆ.

ಆ ಬೆಟ್ಟವೇ ಕೊಡಚಾದ್ರಿ. ಎತ್ತರ 1,343 ಮೀಟರ್. ಸಂಸ್ಕೃತದಲ್ಲಿ ಕುಟಜಾದ್ರಿ, ಕುಟಜವೆಂದರೆ ನಮ್ಮ ಕೊಡಸಿಗ. ಹೊಟ್ಟೆ ಕೆಟ್ಟಾಗ ಹಿರಿಯರು ಅದರ ತೊಗಟೆಯ ಕಷಾಯವನ್ನು ಬಲವಂತವಾಗಿ ಕುಡಿಸುತ್ತಿದ್ದುದನ್ನು ಬಲ್ಲವರು ಆ ಕಹಿಯನ್ನು ಮರೆತಿರಲಾರರು. ಬೇಸಿಗೆಯಲ್ಲಿ ಅದೇ ಗಿಡ ಬಿಳಿಯ ಹೂಗಳನ್ನು ತಳೆದು ನಿಂತಾಗ ಮಾತ್ರ ಆ ಹಳೆಯ ದ್ವೇಷ ಸ್ವಲ್ಪ ಇಳಿಯುತ್ತದೆ. ಕೊಲ್ಲೂರಿನಲ್ಲಿ ನಿಂತವರಿಗೆ ಈ ಬೆಟ್ಟ ನೆತ್ತಿಯ ಮೇಲೆಯೇ ಇರುವಂತೆ ತೋರುತ್ತದೆ; ಆದರೂ ಅಲ್ಲಿಂದ ಹೊರಡುವ ಜೀಪುಗಳು ಘಟ್ಟವನ್ನೇರಿ, ನಿಟ್ಟೂರಿನ ಕಡೆಯಿಂದ ಬಳಸಿಕೊಂಡು, ಸುಮಾರು 40 ಕಿಲೋಮೀಟರ್ ಸುತ್ತಿ ಮೇಲೆ ಬರಬೇಕು. ನಿಟ್ಟೂರಿನ ನೆಂಟರಿಗೆ ಈ ಸುತ್ತು ಇಲ್ಲ.

ಕಟ್ಟಿನಹೊಳೆಯವರೆಗೆ ದಾರಿ ಸಭ್ಯವಾಗಿದೆ. ಅಲ್ಲಿಂದ ಮುಂದೆ ಸುಮಾರು ಹತ್ತು ಕಿಲೋಮೀಟರಿನಷ್ಟು ದೂರವನ್ನು ದಾರಿಯೆಂದು ಕರೆಯುವುದು ಔದಾರ್ಯದ ಮಾತು. ಕೆಂಪುಮಣ್ಣು, ಅದರ ನಡುವೆ ಎದ್ದ ಬಂಡೆ, ಮಳೆಗಾಲದ ನೀರು ಕೊರೆದಿಟ್ಟ ಕೊರಕಲು. ಒಂದು ಗಾಲಿ ಕಲ್ಲಿನ ಮೇಲಿದ್ದರೆ ಇನ್ನೊಂದು ಗುಂಡಿಯಲ್ಲಿ. ಹಿಂದಿನ ಆಸನಗಳಲ್ಲಿ ಎದುರುಬದುರಾಗಿ ಕುಳಿತವರು ಮೇಲಿನ ಕಂಬಿಗೆ ಜೋತುಬಿದ್ದು, ಪ್ರತಿ ತಿರುವಿನಲ್ಲಿಯೂ ಪರಸ್ಪರ ತಲೆಗಳ ಗಟ್ಟಿತನವನ್ನು ಪರೀಕ್ಷಿಸಿಕೊಳ್ಳುತ್ತಾರೆ. ಕಚ್ಚಾಡುತ್ತಿದ್ದ ಹುಡುಗರು ಇಲ್ಲಿ ತಟ್ಟನೆ ಮೌನಿಗಳಾಗುವುದನ್ನು ಕಂಡು ತಾಯಂದಿರಿಗೆ ಭಯದ ನಡುವೆಯೂ ಸಮಾಧಾನ.

1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನ ಮಲೆನಾಡಿಗೆ ಏಕೆ ಇಷ್ಟು ಒಗ್ಗಿತೆಂಬುದು ಇಲ್ಲಿ ತಿಳಿಯುತ್ತದೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಗಾಲಿಗಳಿಗಷ್ಟೆ ಹೋಗುತ್ತದೆ. ಅವು ಸಡಿಲ ಕಲ್ಲಿನ ಮೇಲೆ ಜಾರತೊಡಗಿದರೆ ಕಾರು ನಿಂತಂತೆಯೇ. ಜೀಪಿನಲ್ಲಿ ನಾಲ್ಕಕ್ಕೂ ಬಲವುಂಟು. ಚಾಲಕನು ಗೇರಿನ ಪಕ್ಕದ ಇನ್ನೊಂದು ಚಿಕ್ಕ ಹಿಡಿಯನ್ನು ಎಳೆದನೆಂದರೆ ವೇಗ ಕುಗ್ಗಿ ಎಳೆತ ಹೆಚ್ಚುತ್ತದೆ. ಗಾಡಿ ನಡಿಗೆಯ ವೇಗದಲ್ಲಿ, ಆದರೆ ಹಿಂಜರಿಯದೆ, ಏರತೊಡಗುತ್ತದೆ. ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟು ಕುಳಿತರೆ ಅದು ಕಾದು ಹಿಡಿತ ಬಿಡುವುದರಿಂದ, ಏರಿದ ಗೇರಿನಲ್ಲಿಯೇ ಇಳಿಯಬೇಕು. ಬಯಲುಸೀಮೆಯ ಹೆದ್ದಾರಿಗಳಲ್ಲಿ ಮೆರೆದ ಚಾಲಕರು ಇಲ್ಲಿ ಸುಮ್ಮನೆ ಪ್ರಯಾಣಿಕರಾಗಿ ಕೂರುವುದೇ ಲೇಸು.

ಹೀಗೆ ಹೊರಟ ಒಂದು ಸಂಸಾರದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಮೊಣಕಾಲು ನೋವು. "ಅಮ್ಮ, ನೀವು ಮನೆಯಲ್ಲೇ ಇರಿ" ಎಂದು ಸೊಸೆ ಹೇಳಿದುದಕ್ಕೆ, ಅವರು ಸೀರೆಯ ಸೆರಗು ಬಿಗಿದು ಎಲ್ಲರಿಗಿಂತ ಮೊದಲು ಮುಂದಿನ ಆಸನದಲ್ಲಿ ಕುಳಿತಿದ್ದರು. ಅರ್ಧದಾರಿಯಲ್ಲಿ ಅವರೇ ಕೇಳಿದರು:

"ತಮ್ಮಾ, ಈ ದಾರಿ ಮಾಡಿದವರು ಯಾರಪ್ಪಾ?"

"ಅರ್ಧ ಮಳೆ, ಅರ್ಧ ನಮ್ಮ ಗಾಲಿ, ಅಮ್ಮಾ" ಎಂದ ಚಾಲಕ.

ಅವನ ಮಾತು ಬರಿಯ ವಿನೋದವಲ್ಲ. ಗಾಲಿ ತುಳಿದ ಜಾಡಿನಲ್ಲಿ ಮಳೆಯ ನೀರು ಹರಿಯುತ್ತದೆ, ಜಾಡು ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಮುಂದಿನ ಜೀಪು ಪಕ್ಕದ ಹುಲ್ಲಿನ ಮೇಲೆ ಹತ್ತುತ್ತದೆ. ಅಲ್ಲಿಯೂ ಬೇರು ಸತ್ತು ಮಣ್ಣು ಸಡಿಲವಾಗುತ್ತದೆ. ಹೀಗೆ ದಾರಿ ಆಳವಾಗುತ್ತ, ಅಗಲವಾಗುತ್ತ ಬೆಟ್ಟವನ್ನು ತಿನ್ನುತ್ತದೆ. ಇಳಿಜಾರಿನ ಆ ಹುಲ್ಲುಗಾವಲು, ಕಣಿವೆಯ ಮಡಿಕೆಗಳಲ್ಲಿ ಅವಿತ ಕಾಡು—ಇವು ಮಳೆಯನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಕೆಳಗಿನ ತೊರೆಗಳಿಗೆ ಬಿಡುವ ತಾಣಗಳು. ತೋಟದ ಮನೆಯ ಪಾನಕದ ನೀರಿಗೂ ಈ ಜಾಡಿಗೂ ಸಂಬಂಧವಿದೆ.

ಜೀಪು ನಿಲ್ಲುವೆಡೆ ಮೂಲ ಮೂಕಾಂಬಿಕೆಯ ಗುಡಿ. ಎದುರಿಗೆ ಎತ್ತರವಾದ ಕಬ್ಬಿಣದ ಕಂಬ. ಮೂಕಾಸುರನನ್ನು ವಧಿಸಿದ ದೇವಿಯ ತ್ರಿಶೂಲವೆಂದು ಜನರ ನಂಬಿಕೆ. ಅಲ್ಲಿಂದ ಸರ್ವಜ್ಞಪೀಠಕ್ಕೆ ಕಾಲ್ದಾರಿಯೊಂದೇ ಗತಿ. ಉಳಿದವರು ನಡೆದರು, ಅಜ್ಜಿ ಗುಡಿಯ ಬಳಿಯ ಕಲ್ಲಿನ ಮೇಲೆ ಕುಳಿತರು. ಶಂಕರಾಚಾರ್ಯರ ಹೆಸರಿನೊಡನೆ ಸೇರಿಕೊಂಡಿರುವ ಮೇಲಿನ ಕಲ್ಲುಮಂಟಪ ಪುಟ್ಟದು; ಗಾಳಿ ಮಾತ್ರ ದೊಡ್ಡದು. ತಿಳಿಯಾದ ದಿನಗಳಲ್ಲಿ ಪಶ್ಚಿಮಕ್ಕೆ ಕಡಲು ಕಾಣುವುದುಂಟು. ಅಂದು ಮಬ್ಬು ಕವಿದು ಹುಡುಗರಿಗೆ ಕಡಲು ಸಿಗಲಿಲ್ಲ. ಒಂದರ ಹಿಂದೊಂದು ಮಸುಕಾಗುತ್ತ ಹೋದ ಬೆಟ್ಟಗಳ ಸಾಲನ್ನು ನೋಡಿ, ಅವರಲ್ಲಿ ಕಿರಿಯವನು ಅದನ್ನೇ ಕಡಲೆಂದು ಸಾಧಿಸಿದನು.

ಹಿಂದಿರುಗುವಾಗ ಯಜಮಾನರು ಸೊಂಟ ಹಿಡಿದುಕೊಂಡು, "ಟಾರು ಹಾಕಬಾರದೆ?" ಎಂದರು. ಈ ಪ್ರಶ್ನೆ ಬೆಟ್ಟವಿಳಿಯುವ ಪ್ರತಿ ಜೀಪಿನಲ್ಲಿಯೂ ಹುಟ್ಟುತ್ತಿರಬೇಕು. ಟಾರು ಬಂದರೆ ಕೊರಕಲು ನಿಂತೀತು, ನಿಜ. ಆದರೆ ಅದರ ಹಿಂದೆಯೇ ಬಸ್ಸುಗಳ ಸಾಲು, ಅಂಗಡಿಗಳು, ಬಾಟಲಿಗಳ ರಾಶಿ ಬರುವುದೂ ಅಷ್ಟೇ ನಿಜ. ಒರಟು ದಾರಿ ಬೆಟ್ಟಕ್ಕೆ ಒಂದು ಬಗೆಯ ಕಾವಲು. ಆದರೆ ಆ ಅಜ್ಜಿ? ಜೀಪಿಲ್ಲದಿದ್ದರೆ ಅವರಿಗೆ ಮೂಲಸ್ಥಾನದ ದರ್ಶನವಿಲ್ಲ. ಜೀಪುಗಳು ಕಡಿಮೆಯಾಗಲಿ, ಜಾಡು ಒಂದೇ ಇರಲಿ, ಮಳೆಗಾಲದಲ್ಲಿ ಬೆಟ್ಟಕ್ಕೆ ಬಿಡುವು ದೊರೆಯಲಿ ಎಂದು ಹೇಳುವುದು ಸುಲಭ. ಬೇಸಿಗೆಯ ಈ ನಾಲ್ಕು ಬಾಡಿಗೆಗಳಿಂದ ವರ್ಷದ ಅಕ್ಕಿಯನ್ನು ಕೂಡಿಡಬೇಕಾದ ಚಾಲಕನ ಮುಂದೆ ನಿಂತು ಹೇಳುವುದು ಅಷ್ಟು ಸುಲಭವಲ್ಲ.

ಅಂದಿನ ಚಾಲಕ ಯಜಮಾನರಿಗೆ ಉತ್ತರ ಕೊಡಲಿಲ್ಲ. ಒಂದು ಕಡಿದಾದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೆಳಗಿಳಿದು ನಡೆದನು. ಮೇಲೇರುವಾಗ ಅವನದೇ ಗಾಲಿ ಸಿಡಿಸಿದ್ದ ನಾಲ್ಕಾರು ಕಲ್ಲುಗಳು ಹುಲ್ಲಿನಲ್ಲಿ ಬಿದ್ದಿದ್ದವು. ಅವುಗಳನ್ನು ಹೊತ್ತು ತಂದು ಕೊರಕಲಿನೊಳಗೆ ಒಂದೊಂದಾಗಿ ಕೂರಿಸಿ ಕಾಲಿನಿಂದ ಒತ್ತಿದನು. ಹುಡುಗರಿಬ್ಬರೂ ಕೇಳದೆಯೇ ಇಳಿದು ಸಣ್ಣ ಕಲ್ಲುಗಳನ್ನು ಆರಿಸಿ ಕೊಡತೊಡಗಿದರು. ಮುಂದಿನ ಆಸನದಿಂದ ಅಜ್ಜಿ, "ಆ ದೊಡ್ಡದನ್ನು ಅಡಿಗೆ ಹಾಕಪ್ಪಾ, ಇಲ್ಲದಿದ್ದರೆ ನಿಲ್ಲದು" ಎಂದು ಹೇಳುತ್ತಿದ್ದರು.