ಭೀಮಾತೀರದ ಶಿಲಾವಲಯ

ಶಿಲ್ಪವೆಂದೊಡನೆ ಕನ್ನಡಿಗರ ಮನಸ್ಸು ಬೇಲೂರು ಹಳೆಯಬೀಡುಗಳ ಕಡೆಗೆ, ಇಲ್ಲವೆ ಬಾದಾಮಿ ಐಹೊಳೆಗಳ ಕಡೆಗೆ ಓಡುವುದು ಸಹಜವೇ ಆಗಿದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸೀಮೆಯಾದರೋ ಕಲ್ಲಿಗೆ ಹೆಸರಾದುದೇ ಹೊರತು ಶಿಲ್ಪಕ್ಕಲ್ಲ. ಇಲ್ಲಿಯ ಕಲ್ಲು ಊರೂರಿನ ಮನೆಗಳಲ್ಲಿ ಫರಸಿಯಾಗಿ ಕಾಲ ಕೆಳಗೆ ಬಿದ್ದಿರುವುದು; ಸುಟ್ಟು ಪುಡಿಯಾದುದು ಸಿಮೆಂಟಿನ ಚೀಲಗಳನ್ನು ಸೇರುವುದು. ಚಿಂಚೋಳಿಯ ಗುಡ್ಡಗಳ ಕೆಂಪು ಜಂಬಿಟ್ಟಿಗೆಯ ನೆಲವನ್ನು ಬಿಟ್ಟು ತೆಂಕಣಕ್ಕೆ ಇಳಿದು ಬಂದರೆ, ಕಾಗಿಣೆಯ ದಂಡೆಯಿಂದ ಭೀಮೆಯ ದಂಡೆಯವರೆಗೆ ಬಹುಮಟ್ಟಿಗೆ ಈ ಬೂದುಬಣ್ಣದ ಸುಣ್ಣಕಲ್ಲೇ ಓಲೆಗರಿಯ ಕಟ್ಟಿನಂತೆ ಪದರ ಪದರವಾಗಿ ಮಲಗಿದೆ. ಉಳಿಯನ್ನು ತಾಗಿಸಿದರೆ ಹಲಗೆಯಾಗಿ ಏಳುವುದು ಅದರ ಸ್ವಭಾವ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಭೀಮಾತೀರದ ಶಿಲ್ಪಿಗಳು ಈ ಸ್ವಭಾವವನ್ನು ಚೆನ್ನಾಗಿ ಅರಿತು, ಮಲಗಿದ್ದ ಕಲ್ಲನ್ನು ಎಬ್ಬಿಸಿ ನಿಲ್ಲಿಸಿದರು. ಅದರ ಮೇಲೆ ಮರಗಳನ್ನೂ ಮನುಷ್ಯರನ್ನೂ ಮೂಡಿಸಿದರು.

ಆ ಸ್ಥಳವು ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಸಮೀಪದ ಕನಗನಹಳ್ಳಿ. ಸನ್ನತಿಯ ಚಂದ್ರಲಾಂಬೆಯನ್ನು ಕುಲದೇವತೆಯೆಂದು ನಡೆದುಕೊಳ್ಳುವ ಮನೆತನಗಳು ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಅನೇಕವಾಗಿವೆ. ದೇವಿಯ ದರ್ಶನಕ್ಕೆ ಬಂದವರು ಹೊಳೆಯಲ್ಲಿ ಮಿಂದು, ಗುಡಿಯನ್ನು ಬಲಗೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗುವುದು ವಾಡಿಕೆ. ಸುತ್ತಲಿನ ಬೌದ್ಧಾವಶೇಷಗಳ ಕಡೆಗೆ 1954ರಲ್ಲಿ ವಿದ್ವಾಂಸರ ಗಮನವನ್ನು ಸೆಳೆದವರು ಕಪಟರಾಳ ಕೃಷ್ಣರಾಯರು. ಬಳಿಕ 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಿಕಾಗುಡಿಯ ಮಾಳಿಗೆ ಕುಸಿಯಲಾಗಿ, ದೇವಿಯ ಪೀಠವಾಗಿದ್ದ ಕಲ್ಲಿನ ಎರಡು ಮೈಗಳಲ್ಲಿಯೂ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದಿತು. ಕಳಿಂಗದ ಧೌಳಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳು ಭೀಮಾತೀರದಲ್ಲಿ ದೊರೆತುದು ಪಂಡಿತರಿಗೆ ಹಬ್ಬವೇ ಆಯಿತು. ವಿಗ್ರಹವನ್ನು ನೆಲೆಗೊಳಿಸುವುದಕ್ಕಾಗಿ ಕಲ್ಲಿನ ನಡುವೆ ಗುಳಿಯನ್ನು ಕೊರೆದವರು ಕೆಲವು ಅಕ್ಷರಗಳನ್ನು ಕಳೆದರೆಂಬುದು ನಿಜವೇ. ಆದರೆ ಮಿಕ್ಕವುಗಳನ್ನು ಶತಮಾನಗಳ ಕಾಲ ಮಳೆಬಿಸಿಲುಗಳಿಂದ ಕಾಪಾಡಿದವಳೂ ಆ ಕಾಳಿಯೇ. ಪ್ರಿಯದರ್ಶಿಯು ಇದಕ್ಕೆ ಬೇಸರಪಡಲಾರನು.

ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು 1994ರಿಂದ ಕೆಲವು ವರ್ಷ ಅಗೆದಾಗ ಹೊರಬಿದ್ದುದು ಒಂದು ಮಹಾಸ್ತೂಪ. ಅಲ್ಲಿಯ ಪ್ರಾಕೃತ ಲೇಖಗಳಲ್ಲಿ ಅದಕ್ಕೆ ‘ಅಧಾಲಕ ಮಹಾಚೇತಿಯ’ವೆಂದು ಹೆಸರು. ಸ್ತೂಪವು ಎಂದೋ ಕುಸಿದು, ಹಲಗೆಗಳು ಮುರಿದು ಬಿದ್ದಲ್ಲಿಯೇ ಮಣ್ಣಿನಲ್ಲಿ ಹುದುಗಿದ್ದುವು. ಆಳೆತ್ತರವನ್ನು ಮೀರಿದ ಈ ಹಲಗೆಗಳು ಸ್ತೂಪದ ದುಂಡುಮೈಯನ್ನು ವಲಯವಾಗಿ ಸುತ್ತುಗಟ್ಟಿ ನಿಂತಿದ್ದುವು. ಇವುಗಳ ಮೇಲೆ ಜಾತಕಕಥೆಗಳಿವೆ, ಧರ್ಮಚಕ್ರವಿದೆ, ತಾವರೆಗಳಿವೆ, ಬೋಧಿವೃಕ್ಷವಿದೆ, ಹೆಡೆಯೆತ್ತಿದ ನಾಗನಿದ್ದಾನೆ, ಸಾತವಾಹನ ಅರಸರು ತಮ್ಮ ಹೆಸರುಗಳೊಡನೆ ಇದ್ದಾರೆ. ದಾನಕೊಟ್ಟವರಲ್ಲಿ ಅರಸರಷ್ಟೇ ಅಲ್ಲ, ಗೃಹಸ್ಥರೂ ಸ್ತ್ರೀಯರೂ ಭಿಕ್ಷುಭಿಕ್ಷುಣಿಯರೂ ಇದ್ದರೆಂದು ಇನ್ನೂರಕ್ಕೂ ಮಿಕ್ಕ ಲೇಖಗಳಿಂದ ತಿಳಿಯುತ್ತದೆ.

ಇವುಗಳಲ್ಲಿ ಒಂದು ಹಲಗೆಯು ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಕ್ಕೆ ಯೋಗ್ಯವಾದುದು. ಅದರಲ್ಲಿ ಸಾತಕರ್ಣಿ ರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆಂದು ಬರೆದಿದೆ. ಹಲಗೆಯ ಮೇಲೆ ಯಾವ ಚೈತ್ಯಕ್ಕೆ ದಾನ ನಡೆದಿದೆಯೋ ಆ ಚೈತ್ಯದ ಮೈಗೇ ಹಲಗೆಯು ಒರಗಿ ನಿಂತಿತ್ತು! ಕೊಳದ ಹೂವು ಬೆಳ್ಳಿಯಾಯಿತು, ಬೆಳ್ಳಿಯ ಹೂವು ಕಲ್ಲಾಯಿತು. ಅದನ್ನು ನೋಡುವ ಯಾತ್ರಿಕನ ಕೈಯಲ್ಲಿ ಮತ್ತೆ ಕೊಳದ ಹೂವು. ಈ ಹಲಗೆಯನ್ನು ಬೇರೊಂದು ಊರಿನ ಗೋಡೆಗೆ ನಿಲ್ಲಿಸಿದರೆ ಕೆತ್ತನೆಯೇನೋ ಉಳಿಯುವುದು. ‘ಇಲ್ಲಿ’ ಎಂದು ಅದು ತೋರಿಸುತ್ತಿದ್ದ ಬೆರಳು ಮಾತ್ರ ಬರಿಯ ಗಾಳಿಯನ್ನು ತೋರಿಸುವುದು. ಅಶೋಕನ ಶಾಸನದ ಕಲ್ಲಿಗೆ ಹಾಗಾಗಲಿಲ್ಲ. ಅದು ಕಾಳಿಯ ಪೀಠವಾದರೂ ಓದುವವರಿಗೆ ಓದಬಂದಿತು. ಅಕ್ಷರಕ್ಕಿರುವ ಈ ಸ್ವಾತಂತ್ರ್ಯವು ಶಿಲ್ಪಕ್ಕೆ ಇಲ್ಲ.

ಇನ್ನು ಚಲನೆಯ ಮಾತು. ಇಲ್ಲಿಯ ಹಳೆಯ ಹಲಗೆಗಳಲ್ಲಿ ಬುದ್ಧನನ್ನು ಮನುಷ್ಯರೂಪದಿಂದ ತೋರಿಸದೆ, ಬರಿದಾದ ಆಸನ, ಪಾದಗಳು, ಚಕ್ರ, ವೃಕ್ಷ ಇವುಗಳಿಂದಲೇ ಸೂಚಿಸಿರುವರು. ಬುದ್ಧನ ಪ್ರತಿಮೆಗಳು ಅನಂತರ ಬಂದುವು. ನಡುವೆ ಆಸನವು ಶೂನ್ಯವಾಗಿರಲು, ಚಲನೆಯೆಲ್ಲವೂ ಸುತ್ತಲಿನವರ ಪಾಲಿಗೆ ಬಂದಿದೆ: ಕೈಮುಗಿದವರು, ಬಾಗಿದವರು, ಚಾಮರ ಬೀಸುವವರು. ಆಸನವು ಬರಿದಲ್ಲವೆಂಬುದು ಅವರ ಮೈಗಳ ಬಾಗಿನಿಂದಲೇ ನೋಡುವವನಿಗೆ ತಿಳಿಯಬೇಕು. ನೃತ್ತವನ್ನರಿಯದವನಿಗೆ ಚಿತ್ರವು ತಿಳಿಯದೆಂದು ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರನಿಗೆ ಹೇಳುತ್ತಾನೆ. ಆ ಗ್ರಂಥವು ಈ ಶಿಲ್ಪಗಳಿಗಿಂತ ಈಚಿನದು. ಶಾಸ್ತ್ರವನ್ನು ಓದಿ ಶಿಲ್ಪವನ್ನು ಕಡೆದರೆಂದು ಹೇಳುವ ಪಂಡಿತರು ಇದನ್ನು ಸ್ವಲ್ಪ ಗಮನಿಸುವುದು ಒಳ್ಳೆಯದು. ಕಂಡರಿಸಿದವರು ಮೊದಲು, ಸೂತ್ರ ಬರೆದವರು ಆಮೇಲೆ.

ಕಲ್ಲಿನವರಷ್ಟೇ ಅಲ್ಲ, ನೋಡುವವನೂ ಇಲ್ಲಿ ನಿಲ್ಲುವಂತಿರಲಿಲ್ಲ. ಪ್ರದಕ್ಷಿಣವೆಂದರೆ ಪೂಜ್ಯವಾದುದನ್ನು ಬಲಕ್ಕೆ ಇಟ್ಟುಕೊಂಡು ನಡೆಯುವುದು. ಯಾತ್ರಿಕನು ನಡೆದಂತೆ ಒಂದು ಹಲಗೆಯು ಬಲಗಣ್ಣಿನ ಅಂಚಿನಲ್ಲಿ ಮರೆಯಾಗಿ ಮತ್ತೊಂದು ಎದುರಾಗುವುದು. ದುಂಡುಮೈಯಾದುದರಿಂದ ಎಲ್ಲವೂ ಒಮ್ಮೆಗೇ ಕಾಣವು. ಅರಸರು, ಗಿಡಮರಗಳು, ಕಥೆಗಳು ಅವನ ಹೆಜ್ಜೆಯ ಲಯಕ್ಕೆ ತಕ್ಕಂತೆ ಬರಬೇಕೆಂದೇ ಇವುಗಳನ್ನು ವಲಯದಲ್ಲಿ ಇಟ್ಟಿದ್ದುದು.

ಈ ವಲಯವನ್ನು ಕಳೆದುಕೊಂಡ ಊರೂ ಇದೆ. ಕೃಷ್ಣಾತೀರದ ಅಮರಾವತಿಯ ಸ್ತೂಪವನ್ನು 1845ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯು ಅಗೆಯಿಸಿದನು. ಹಲಗೆಗಳು ಮದರಾಸಿಗೆ ಹೋದುವು. ಅವುಗಳಲ್ಲಿ ಬಹಳಷ್ಟು 1859ರಲ್ಲಿ ಹಡಗೇರಿ ಲಂಡನ್ನಿಗೆ ಹೋದುವು. ಅಲ್ಲಿ ಅವುಗಳನ್ನು ಆದರದಿಂದಲೇ ಇಟ್ಟಿರುವರು, ಸಾವಿರಾರು ಜನರು ನೋಡುವರು. ಬಲಗೊಳ್ಳುವವರು ಮಾತ್ರ ಯಾರೂ ಇಲ್ಲ. ಅಮರಾವತಿಯಲ್ಲಿ ಉಳಿದುದು ತಗ್ಗಾದ ದಿಬ್ಬ. ಇದಕ್ಕೆ ಪ್ರತಿಯಾಗಿ ಸಾಂಚಿಯಲ್ಲಿ ಜಾನ್ ಮಾರ್ಷಲನು 1912ರಿಂದ 1919ರವರೆಗೆ ಬಿದ್ದುದನ್ನು ಅಲ್ಲಲ್ಲಿಯೇ ಎತ್ತಿ ನಿಲ್ಲಿಸಿದುದರಿಂದ, ಇಂದಿಗೂ ಅಲ್ಲಿ ತೋರಣವನ್ನು ಹೊಕ್ಕು ಸ್ತೂಪವನ್ನು ಸುತ್ತಿ ಬರಬಹುದಾಗಿದೆ.

ಕನಗನಹಳ್ಳಿಯ ಹಲಗೆಗಳು ಅಗೆತ ಮುಗಿದ ಮೇಲೆ ಸುಮಾರು ಇಪ್ಪತ್ತು ವರ್ಷ ಹೆಚ್ಚಿನ ಆರೈಕೆಯಿಲ್ಲದೆ ಬಿದ್ದಿದ್ದು, 2022ರಲ್ಲಿ ಸಂರಕ್ಷಣೆಯ ಕೆಲಸವು ಮೊದಲಾಯಿತು. ಅವುಗಳನ್ನು ಒಳಾಂಗಣದಲ್ಲಿ ಸಾಲಾಗಿ ಇಡುವುದೇ ಕ್ಷೇಮವೆಂದು ಹೇಳುವವರ ಮಾತು ನಿರಾಧಾರವಲ್ಲ. ಸುಣ್ಣಕಲ್ಲನ್ನು ಮಳೆನೀರು ಮೆಲ್ಲಮೆಲ್ಲನೆ ಕರಗಿಸುತ್ತದೆ. ಸಿಮೆಂಟಿನ ಕಾರಖಾನೆಗಳ ಸೀಮೆಯಲ್ಲಿ ಗಾಳಿಯೂ ಶುದ್ಧವಾಗಿರುವುದೆಂದು ನೆಚ್ಚುವಂತಿಲ್ಲ. ಆದರೆ ಹಲಗೆಗಳನ್ನು ಮಾಡಿನ ಕೆಳಗೆ ಒಯ್ಯುವುದಕ್ಕೆ ಬದಲಾಗಿ ಮಾಡನ್ನೇ ಹಲಗೆಗಳ ಮೇಲಕ್ಕೆ ತರಬಾರದೇಕೆ? ಬಿದ್ದ ಜಾಗದಲ್ಲಿಯೇ ದೊರೆತ ಕಲ್ಲುಗಳಿಗೆ ಅವುಗಳ ಮೂಲಸ್ಥಾನವನ್ನು ಬಹುಮಟ್ಟಿಗೆ ಊಹಿಸಬಹುದು. ತಿಳಿಯದ ಕಡೆ ತೆರಪು ಉಳಿದರೆ ದೋಷವಿಲ್ಲ. ವೆಚ್ಚವು ಹೆಚ್ಚೆಂಬುದೊಂದೇ ಆಕ್ಷೇಪವಾದರೆ, ಒಂದು ಸಾಲು ಹಲಗೆಗಳಿಂದಲಾದರೂ ಆರಂಭಿಸಬಹುದು.

ಅಶೋಕನ ಹಲಗೆಯೊಂದನ್ನಾದರೂ ಬೇರೆಯಾಗಿ ಗಾಜಿನೊಳಗೆ ಇಡಬೇಕೆಂಬ ಆಸೆಯು ಹುಟ್ಟುವುದು ಸ್ವಾಭಾವಿಕ. ಅದರಲ್ಲಿ ಅರಸನೂ ರಾಣಿಯೂ ಛತ್ರಚಾಮರಗಳನ್ನು ಹಿಡಿದ ಪರಿಚಾರಿಕೆಯರೂ ಇದ್ದು, ‘ರಾಯಾ ಅಸೋಕೋ’ ಎಂದು ಬ್ರಾಹ್ಮೀಲಿಪಿಯಲ್ಲಿ ಬರೆದಿದೆ. ಕನ್ನಡದ ‘ರಾಯ’ನು ಆಗಲೇ ಪ್ರಾಕೃತದಲ್ಲಿ ಸಿದ್ಧನಾಗಿದ್ದನು. ಕೆತ್ತಿದವರು ಅಶೋಕನಿಗೆ ಕೆಲವು ಶತಮಾನಗಳಷ್ಟು ಈಚಿನವರು, ಅವನನ್ನು ಕಂಡವರಲ್ಲ. ಅವನ ನಿಲುವನ್ನು ಭೀಮಾತೀರದಲ್ಲಿ ತಮ್ಮ ಕಣ್ಣೆದುರು ಓಡಾಡುತ್ತಿದ್ದವರಿಂದಲೇ ಅವರು ತೆಗೆದುಕೊಂಡಿರಬೇಕು. ಕಡೆದವರು ಅವನಿಗೆ ಪ್ರತ್ಯೇಕ ಮಂಟಪವನ್ನು ಕಟ್ಟಲಿಲ್ಲ; ಎಡಕ್ಕೂ ಬಲಕ್ಕೂ ಬೇರೆ ಹಲಗೆಗಳಿರುವಂತೆ, ಸುತ್ತುಬರುವವನು ಕೆಲವು ಹೆಜ್ಜೆ ನಡೆದು ಬಂದು ಕಾಣುವಂತೆ, ವಲಯದಲ್ಲಿ ಒಬ್ಬನಾಗಿ ನಿಲ್ಲಿಸಿದರು.