ಪಂಚೆ ಒಣಗುವವರೆಗೆ

ಬೆಳಗ್ಗೆ ಅಣ್ಣನ ಮಗಳು ಬಂದು ಒಂದು ಡೈರಿ ಕೊಟ್ಟು ಹೋದಳು. ಅವಳ ಕಂಪನಿಯಲ್ಲಿ ಎಲ್ಲರಿಗೂ ಹಂಚಿದ್ದಂತೆ, ಇವಳಿಗೆ ಎರಡು ಸಿಕ್ಕಿತ್ತಂತೆ. ದಪ್ಪ ರಟ್ಟು, ನಡುವೆ ರೇಷ್ಮೆ ದಾರ, ಪ್ರತಿ ಪುಟದ ನೆತ್ತಿಯಲ್ಲೊಂದು ಪ್ರಶ್ನೆ. ಮೊದಲನೆಯದು: ‘ಇಂದು ನಿಮ್ಮೊಳಗಿನ ಕಲಾವಿದನಿಗಾಗಿ ಏನು ಮಾಡಿದಿರಿ?’ ಉಪ್ಪಿಟ್ಟು ತಿನ್ನಿಸಿದೆ ಎಂದು ಬರೆದು ಮುಚ್ಚಿಟ್ಟೆ.

ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದಳು: “ಚಿಕ್ಕಪ್ಪಾ, ನಿಮಗೆ ದಿನಾ ಸ್ಫೂರ್ತಿ ಎಲ್ಲಿಂದ ಬರುತ್ತೆ?”

“ಪ್ರಕಾಶಕರ ಫೋನಿನಿಂದ ಕಣಮ್ಮ.”

ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯೇನಿಲ್ಲ. ಪುಸ್ತಕಗಳಿಗೆ ಮುಖಪುಟ ಮಾಡಿ ಹೊಟ್ಟೆ ಹೊರೆಯುವವನು ನಾನು. “ನಾಳೆ ಹನ್ನೊಂದಕ್ಕೆ ಪ್ರೆಸ್ಸಿಗೆ ಹೋಗ್ಬೇಕು ಸಾರ್. ಓದೋದೇನೂ ಬೇಡ, ಕಾದಂಬರಿ ಹೆಸರು ಹೇಳ್ತೀನಿ, ಒಂದು ಹೆಣ್ಣು, ಒಂದು ಮರ ಹಾಕಿಬಿಡಿ” ಎನ್ನುವ ದನಿ ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತದೆ. ಮರ ಮಾತ್ರ ಹಾಕುವುದಿಲ್ಲ. ಅಷ್ಟು ಹಟ ಉಳಿದಿದೆ.

ಡೈರಿಯ ಹಿಂಬದಿಯಲ್ಲಿ ಸಲಹೆಗಳೂ ಇದ್ದವು: ಚೆನ್ನಾಗಿ ನಿದ್ದೆ ಮಾಡಿ, ನಡೆಯಿರಿ, ನೀರು ಕುಡಿಯಿರಿ, ಚಿಂತೆ ಬಿಡಿ. ಎಲ್ಲ ಸರಿಯೇ. ಮಲಬದ್ಧತೆಗೂ ವೈದ್ಯರು ಇದನ್ನೇ ಹೇಳುತ್ತಾರೆ. ‘ಒಳಗಿನ ಕಲಾವಿದ’ನನ್ನು ಜನಪ್ರಿಯ ಮಾಡಿದವರು ಅಮೆರಿಕದ ಜೂಲಿಯಾ ಕ್ಯಾಮರಾನ್. 1992ರ ತಮ್ಮ ಪುಸ್ತಕದಲ್ಲಿ ಅವರು ದಿನಾ ಬೆಳಗ್ಗೆ ಮೂರು ಪುಟ ಕೈಬರಹ ಮಾಡಿ, ವಾರಕ್ಕೊಮ್ಮೆ ಆ ಕಲಾವಿದನನ್ನು ಒಂಟಿಯಾಗಿ ಹೊರಗೆ ಕರೆದುಕೊಂಡು ಹೋಗಿ ಎಂದರು. ನನ್ನೊಳಗಿನವನನ್ನು ಹೊರಗೆ ಬಿಟ್ಟರೆ ಅವನು ನೇರ ಗಾಂಧಿಬಜಾರಿಗೆ ಹೋಗಿ ದೋಸೆಯ ಸಾಲಿನಲ್ಲಿ ನಿಲ್ಲುತ್ತಾನೆ. ಜರ್ಮನಿಯ ಷಿಲ್ಲರ್ ಮೇಜಿನ ಖಾನೆಯಲ್ಲಿ ಕೊಳೆತ ಸೇಬು ಇಟ್ಟುಕೊಂಡು ಬರೆಯುತ್ತಿದ್ದನಂತೆ. ಆ ವಾಸನೆಗೆ ತನಗೆ ತಲೆ ಸುತ್ತಿಬಂದ ಕತೆಯನ್ನು ಗಯಟೆ ಹೇಳಿಕೊಂಡಿದ್ದಾನೆ. ಷಿಲ್ಲರನ ಹೆಂಡತಿ ಅದನ್ನೆಲ್ಲ ಸಹಿಸಿಕೊಂಡಿದ್ದಳು. ನಮ್ಮ ಮನೆಯಲ್ಲಿ ಅದು ನಡೆಯುವ ಮಾತಲ್ಲ.

ಈ ವಿಷಯದಲ್ಲಿ ನನಗೆ ಗದುಗಿನ ನಾರಣಪ್ಪನೇ ಪ್ರಮಾಣ. ಕೋನೇರಿಯಲ್ಲಿ ಮಿಂದು, ಉಟ್ಟ ಒದ್ದೆ ಪಂಚೆಯಲ್ಲೇ ವೀರನಾರಾಯಣನ ಗುಡಿಯ ಕಂಬದ ಬಳಿ ಕೂತು, ಪಂಚೆ ಒಣಗುವವರೆಗೆ ಬರೆಯುತ್ತಿದ್ದನೆಂದು ಐತಿಹ್ಯ. ಒಣಗಿತೋ, ಅವತ್ತಿಗೆ ಭಾರತ ಬಂದ್. ಹಲಗೆ ಬಳಪ ಹಿಡಿಯಲಿಲ್ಲ, ಬರೆದದ್ದನ್ನು ಅಳಿಸಲಿಲ್ಲ, ಗರಿಯ ಮೇಲೆ ಕಂಟದ ಸದ್ದು ನಿಲ್ಲಲಿಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ. ಮೇಷ್ಟ್ರುಗಳೆಲ್ಲ ಅದನ್ನು ಕವಿಯ ಹೆಮ್ಮೆ ಎಂದು ಪಾಠ ಮಾಡುತ್ತಾರೆ. ನನಗೆ ಅದರಲ್ಲಿ ಕೇಳಿಸುವುದು ಅವಸರ. ಅಂಚು ಆಗಲೇ ಒಣಗುತ್ತಿದೆ, ಹಲಗೆ ಎಲ್ಲಿ ಹುಡುಕುವುದು?

ಇನ್ನು ಹವೆ. ಕಪ್ಪತಗುಡ್ಡದ ಸೀಮೆಯ ಗಾಳಿಗೆ ಈಗ ಗಾಳಿಯಂತ್ರಗಳು ತಿರುಗುತ್ತಿವೆ, ಪಂಚೆ ಯಾವ ಲೆಕ್ಕ? ಕವಿ ಬಿಸಿಲು ಬಿಟ್ಟು ಕಂಬದ ನೆರಳು ಹಿಡಿದದ್ದು ಭಕ್ತಿಯಿಂದ ಮಾತ್ರವಲ್ಲ ಎಂದು ನನ್ನ ಗುಮಾನಿ. ಹೊರಗೆ ಜಗಲಿಯಲ್ಲಿ ಕೂತಿದ್ದರೆ ಆದಿಪರ್ವವೇ ಮುಗಿಯುತ್ತಿರಲಿಲ್ಲ. ಅಷ್ಟು ಜಾಗ್ರತೆ ಮಾಡಿಯೂ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳಾಗುವಾಗ ಕತೆ ಗದಾಪರ್ವಕ್ಕೆ ನಿಂತಿತು. ಹದಿನೆಂಟರಲ್ಲಿ ಹತ್ತು ಪರ್ವ. ಮಿಕ್ಕ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆಯಬೇಕಾಯಿತು. ಅದೇ ನಾರಣಪ್ಪ ಆಗುಂಬೆಯಲ್ಲಿ ಹುಟ್ಟಿದ್ದರೆ? ಆಷಾಢದಲ್ಲಿ ಉಟ್ಟ ಪಂಚೆ ದೀಪಾವಳಿಗೂ ಒಣಗುತ್ತಿರಲಿಲ್ಲ. ಹದಿನೆಂಟು ಪರ್ವವನ್ನೂ ಒಂದೇ ಮಳೆಗಾಲದಲ್ಲಿ ಮುಗಿಸಿ ಹರಿವಂಶಕ್ಕೆ ಕೈ ಹಾಕುತ್ತಿದ್ದ, ಪಾಪ ತಿಮ್ಮಣ್ಣನಿಗೆ ಕೆಲಸವೇ ಇರುತ್ತಿರಲಿಲ್ಲ.

ಕನ್ನಡ ಅಧ್ಯಾಪಕ ಗೆಳೆಯನ ಮುಂದೆ ಈ ಸಿದ್ಧಾಂತ ಮಂಡಿಸಿದೆ. ಪಂಪನ ಗತಿ ಏನು ಎಂದ. ಪಂಪ ಗುತ್ತಿಗೆದಾರನ ಹಾಗೆ ಲೆಕ್ಕ ಕೊಟ್ಟಿದ್ದಾನೆ: ಆದಿಪುರಾಣಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು. ತನ್ನ ಕನ್ನಡ ಪುಲಿಗೆರೆಯದು ಎಂದೂ ಹೇಳಿದ್ದಾನೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಅದೂ ಗದಗ ಜಿಲ್ಲೆಯೇ, ಅದೇ ಬಿಸಿಲು! ಗೆಳೆಯ ಸೋಲಲಿಲ್ಲ. ಕುವೆಂಪು ಅವರ ರಾಮಾಯಣ ದರ್ಶನಂಗೆ ಸುಮಾರು ಒಂಬತ್ತು ವರ್ಷ ಹಿಡಿಯಿತಲ್ಲ ಎಂದ. ಕುಪ್ಪಳಿಯ ಪಂಚೆ, ಒಣಗಲು ಅಷ್ಟು ಬೇಕು ಎಂದೆ. “ಆಗ ಅವರು ಪೇಟೆಯಲ್ಲಿ ಮೇಷ್ಟ್ರಾಗಿದ್ದರಲ್ಲೋ!” ಹುಟ್ಟಿದೂರಿನ ತೇವ ಅಷ್ಟು ಬೇಗ ಹೋಗುತ್ತದೆಯೇ ಎಂದು ಕೇಳಿದ್ದಕ್ಕೆ ಎದ್ದು ಕಾಫಿ ತರಲು ಹೋದ.

ನಗೆಮಾತು ಬಿಟ್ಟರೂ ಒದ್ದೆ ಪಂಚೆಯಲ್ಲಿ ಒಂದು ಉಪಾಯವಿದೆ. ಒದ್ದೆಯಲ್ಲಿದ್ದವನು ಮಡಿಯಲ್ಲಿದ್ದಾನೆ, ಅವನನ್ನು ಮುಟ್ಟುವಂತಿಲ್ಲ. ಕೋಳಿವಾಡದ ಶಾನುಭೋಗರ ಮನೆತನದವನಂತೆ ನಾರಣಪ್ಪ. ಹೊಲದ ಗಡಿ, ಕಂದಾಯ, ದಾಯಾದಿ ಜಗಳ ಎಂದು ಎಷ್ಟು ಜನ ಎಡತಾಕುತ್ತಿದ್ದರೋ. ಅವರೆಲ್ಲ ಪಂಚೆ ಒಣಗುವವರೆಗೆ ಕೋನೇರಿಯ ಮೆಟ್ಟಿಲ ಮೇಲೆ ಕಾಯಬೇಕು. ಇವನೂ ಹಾಗೆಯೇ: ಚಳಿ ಹಿಡಿದು ಕೂತವನು ಸಂತೆಗೆ ಹೋಗುವಂತಿಲ್ಲ, ಅಡ್ಡಾಗುವಂತಿಲ್ಲ, ಮನಸ್ಸು ಬಂದಾಗ ಬರೆಯುತ್ತೇನೆ ಎನ್ನುವಂತಿಲ್ಲ. ಬರೆಯುವುದೊಂದೇ ಉಳಿದ ಕೆಲಸ. ನನಗೆ ಇಂಥ ಮಡಿ ಇಲ್ಲ. ಬಣ್ಣ ಕಲಸಿ ಕೂತರೆ ಕೊರಿಯರಿನವನು ಬೆಲ್ ಒತ್ತುತ್ತಾನೆ, ಬ್ಯಾಂಕಿನವರು ಸಾಲ ಬೇಕೇ ಎನ್ನುತ್ತಾರೆ, ಸಿಲಿಂಡರ್ ಬರುತ್ತದೆ. ‘ಒಳಗಿನ ಕಲಾವಿದ’ ಯಾವತ್ತೂ ಸೊರಗಿಲ್ಲ. ಹೊರಗಿನವರು ಅವನನ್ನು ಕೂರಲು ಬಿಡುವುದಿಲ್ಲ, ಅಷ್ಟೇ. ಒಮ್ಮೆ ನಿಜವಾಗಿಯೂ ಒದ್ದೆ ಟವೆಲ್ ಸುತ್ತಿಕೊಂಡು ಕೂತೆ. ಸೀನು ಬಂದು ಇಂಡಿಯನ್ ಇಂಕ್ ಚೆಲ್ಲಿತು. ಆ ಕಲೆ ಚೆನ್ನಾಗಿಯೇ ಕಂಡಿತು, ಹಾಗೇ ಮುಖಪುಟಕ್ಕೆ ಹೋಯಿತು. ಕವನ ಸಂಕಲನವಾದ್ದರಿಂದ ಯಾರೂ ಪ್ರಶ್ನಿಸಲಿಲ್ಲ.

ಮಲೆನಾಡಿನಲ್ಲಿ ನಮ್ಮಮ್ಮ ಮಳೆಗಾಲದ ಬಟ್ಟೆಯನ್ನೆಲ್ಲ ಬಚ್ಚಲ ಒಲೆಯ ಮೇಲೆ ಗಳುವಿಗೆ ಹಾಕಿ ಒಣಗಿಸುತ್ತಿದ್ದಳು. ಶಾಲೆಯಲ್ಲಿ ಇಡೀ ತರಗತಿ ಹೊಗೆ ನಾರುತ್ತಿತ್ತು. ಕಣ್ಣು ಕಟ್ಟಿದರೂ ಯಾರ ಮನೆಯಲ್ಲಿ ಹಸಿ ಸೌದೆ ಎಂದು ಹೇಳಬಹುದಿತ್ತು. ಬೆಂಗಳೂರಿಗೆ ಬಂದ ಮೇಲೆ ಬಿಸಿಲಿಗೇನೂ ಬರವಿಲ್ಲ, ಒಣಹಾಕಲು ಅಪ್ಪಣೆ ಬೇಕು. ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಬಾಲ್ಕನಿಯಲ್ಲಿ ಬಟ್ಟೆ ಕಾಣಕೂಡದೆಂದು ನೋಟಿಸು ಅಂಟಿಸಿದ್ದಾರೆ. ಎಲಿವೇಶನ್ ಕೆಡುತ್ತದಂತೆ. ಎಂಟು ಮಹಡಿಗೂ ಮಜ್ಜಿಗೆ ನೀರಿನ ಬಣ್ಣ ಬಳಿದ ಕಟ್ಟಡದಲ್ಲಿ ಕೆಡಲು ಏನಿದೆ? ಕಣ್ಣಿಗೆ ಬೀಳುವ ಬಣ್ಣವೆಂದರೆ ಮೂರನೇ ಮಹಡಿಯ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು ಒಂದೇ. ಆ ಕೆಂಪನ್ನು ನಾನು ಎಷ್ಟೋ ಮುಖಪುಟಗಳಿಗೆ ಕದ್ದಿದ್ದೇನೆ.

ನೋಟಿಸು ಅಂಟಿಸಿದ ಮೇಲೂ ಅಜ್ಜಿ ಸೀರೆ ಒಣಹಾಕುತ್ತಲೇ ಇದ್ದಾರೆ. ಕಾರ್ಯದರ್ಶಿ ಕೇಳಲು ಹೋದರೆ, ನೋಟಿಸು ಇಂಗ್ಲಿಷಿನಲ್ಲಿದೆಯಪ್ಪ, ನನಗೆ ಓದೋಕೆ ಬರಲ್ಲ ಎಂದರಂತೆ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು.